ಹಣೆಬರಹವೂ ಮನಶ್ಶಾಸ್ತ್ರವೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

"ನಮ್ಮ ಹಣೆಯಲ್ಲಿ ಬರೆದಿಲ್ಲ" ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಕೇಳದ ದಿನವಿಲ್ಲ. ಮಳೆ ಕೈಕೊಟ್ಟರೆ ಈ ಮಾತು. ಮಗಳಿಗೆ ಸಂಬಂಧ ಕೂಡಿಬರದಿದ್ದರೆ ಈ ಮಾತು. ಮಗ ಪರೀಕ್ಷೆಯಲ್ಲಿ ನಪಾಸಾದರೂ ಇದೇ ಮಾತು. ವಿದ್ಯಾವಂತರು ಇದನ್ನು ಮೂಢನಂಬಿಕೆಯೆಂದು ತಳ್ಳಿಬಿಡುತ್ತಾರೆ. ನಾನೂ ಕೆಲವು ಕಾಲ ಹಾಗೆಯೇ ತಳ್ಳಿದವಳು. ಆದರೆ ಪದೇ ಪದೇ ಸೋತ ಮನುಷ್ಯನು ಕೈಕಟ್ಟಿ ಕುಳಿತುಬಿಡುವುದೇಕೆ, ಕುಳಿತವನು ಮತ್ತೆ ಏಳುವುದೆಂತು ಎಂಬುದು ಮನಶ್ಶಾಸ್ತ್ರವು ಸುಮಾರು ಅರುವತ್ತು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ. ಇದಕ್ಕೆ ಮೊದಲು ದೊರೆತ ಉತ್ತರ ಒಂದು. ಐವತ್ತು ವರ್ಷಗಳ ತರುವಾಯ ಅದೇ ವಿದ್ವಾಂಸರು ಕೊಟ್ಟ ಉತ್ತರ ಇನ್ನೊಂದು. ಈ ಎರಡು ಉತ್ತರಗಳನ್ನು ನನ್ನ ಅಲ್ಪಮತಿಗೆ ತಿಳಿದಷ್ಟು ಮಟ್ಟಿಗೆ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮುನ್ನ ನಮ್ಮ ಮನೆಯ ಸಂಗತಿಯೊಂದನ್ನು ಹೇಳಲು ಅಪ್ಪಣೆಯಿರಲಿ. ಅದಿಲ್ಲದೆ ನನಗೆ ಈ ವಿಷಯದಲ್ಲಿ ಇಷ್ಟು ಆಸಕ್ತಿ ಹುಟ್ಟುತ್ತಲೇ ಇರಲಿಲ್ಲ.

ನಮ್ಮದು ಚಳ್ಳಕೆರೆ ಕಡೆಯ ಒಂದು ಹಳ್ಳಿ. ನಾಲ್ಕು ಎಕರೆ ಶೇಂಗಾ ಹೊಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ನಾನು ಪಿ.ಯು. ತರಗತಿಯಲ್ಲಿದ್ದಾಗ ನಮ್ಮ ತಂದೆಯವರು ಎರಡು ವರ್ಷಗಳಲ್ಲಿ ಮೂರು ಕೊಳವೆಬಾವಿ ಕೊರೆಸಿದರು. ಮೂರರಲ್ಲಿಯೂ ನೀರು ಬೀಳಲಿಲ್ಲ. ಮೂರನೆಯದರಲ್ಲಿ ಬರಿಯ ದೂಳು ಹಾರಿದ ದಿನದಿಂದ ಅವರು ಜಗಲಿ ಬಿಟ್ಟು ಏಳುವುದು ಕಡಮೆಯಾಯಿತು. ಹೊಲಕ್ಕೆ ಹೋಗರು, ಸಂತೆಗೆ ಹೋಗರು. ಯಾರಾದರೂ ಕರೆದರೆ, "ನಮ್ಮ ಹಣೇಲಿ ಬರೆದಿಲ್ಲ ಬಿಡಪ್ಪ" ಎನ್ನುವರು.

ನಾನು ಎರಡನೆಯ ವರ್ಷದ ಬಿ.ಎ.ಗೆ ಬಂದಾಗ "ಕಲಿತ ಅಸಹಾಯಕತೆ" ಎಂಬ ಪಾಠ ಬಂದಿತು. ಆ ವಾರವೇ ಊರಿಗೆ ಹೋದವಳು, ಹೊಸದಾಗಿ ಓದಿದವರ ಅವಸರದಲ್ಲಿ, "ಅಪ್ಪಾ, ಇದು ಹಣೆಬರಹ ಅಲ್ಲ. ನೀನು ಸೋಲೋದನ್ನ ಕಲ್ತುಬಿಟ್ಟಿದೀಯ. ಪುಸ್ತಕದಲ್ಲೇ ಐತೆ" ಎಂದುಬಿಟ್ಟೆ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಇಸ್ಕೂಲು ಮೂರ್ನೇ ಕ್ಲಾಸಿಗೇ ಬಿಟ್ಟೋನು ಕಣವ್ವ. ಕಲ್ತಿದ್ದು ಅಂತ ಇದ್ರೆ ಇದೊಂದೇನಾ?" ಎಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಪುಸ್ತಕದಲ್ಲಿದ್ದುದನ್ನೇ ಹೇಳಿದೆನಾದರೂ ಏನೋ ತಪ್ಪಾಯಿತೆಂದು ಮನಸ್ಸು ಹೇಳುತ್ತಿತ್ತು.

ಮೊದಲನೆಯ ಉತ್ತರ

ಆ ಪಾಠದ ಮೂಲ ಇರುವುದು ಅಮೆರಿಕೆಯ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ. ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬಿಬ್ಬರು ಸಂಶೋಧಕ ವಿದ್ಯಾರ್ಥಿಗಳು ಅಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗವೊಂದರ ವಿವರ 1967ರಲ್ಲಿ ಪ್ರಕಟವಾಯಿತು. ಅವರು ನಾಯಿಗಳನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿನ ನಾಯಿಗಳನ್ನು ಜೋಲಿಯಂಥ ಬಟ್ಟೆಯಲ್ಲಿ ನಿಲ್ಲಿಸಿ ಆಗಾಗ ವಿದ್ಯುತ್ತಿನ ಆಘಾತ ಕೊಟ್ಟರು. ಆದರೆ ತಲೆಯ ಪಕ್ಕದಲ್ಲಿದ್ದ ಹಲಗೆಯನ್ನು ತಲೆಯಿಂದ ಒತ್ತಿದರೆ ಆಘಾತ ನಿಲ್ಲುತ್ತಿತ್ತು. ಎರಡನೆಯ ಗುಂಪಿಗೂ ಅಷ್ಟೇ ಆಘಾತ, ಅಷ್ಟೇ ಹೊತ್ತು. ಆದರೆ ಇವು ಹಲಗೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮೂರನೆಯ ಗುಂಪಿಗೆ ಆಘಾತವೇ ಇಲ್ಲ.

ಮರುದಿನ ಈ ನಾಯಿಗಳನ್ನೆಲ್ಲ ಬೇರೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅದರ ನಡುವೆ ಒಂದು ಗಿಡ್ಡ ಅಡ್ಡಗೋಡೆ. ಆಘಾತ ತಗುಲಿದಾಗ ಗೋಡೆ ಹಾರಿ ಆಚೆಗೆ ಹೋದರೆ ನೋವಿಲ್ಲ. ಮೊದಲನೆಯ ಮತ್ತು ಮೂರನೆಯ ಗುಂಪಿನ ನಾಯಿಗಳು ಬೇಗನೆ ಹಾರಲು ಕಲಿತವು. ಎರಡನೆಯ ಗುಂಪಿನ ಬಹುಪಾಲು ನಾಯಿಗಳು ಮಾತ್ರ ಸ್ವಲ್ಪ ಓಡಾಡಿ, ಕುಯ್‌ಗುಟ್ಟಿ, ಕೊನೆಗೆ ಮಲಗಿಬಿಟ್ಟವು. ಗೋಡೆ ಎದುರಿಗೇ ಇತ್ತು. ಹಾರಲು ಕಾಲಿಗೆ ಶಕ್ತಿಯೂ ಇತ್ತು. ನೋವಿನ ಪ್ರಮಾಣ ಎರಡು ಗುಂಪಿಗೂ ಒಂದೇ ಆಗಿತ್ತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹಾಗಾದರೆ ಅವುಗಳನ್ನು ಮಲಗಿಸಿದ್ದು ನೋವಲ್ಲ, ನೋವಿನ ಮೇಲೆ ತಮ್ಮ ಕೈ ಸಾಗದೆಂಬ ಸ್ಥಿತಿ. "ನಾನು ಏನು ಮಾಡಿದರೂ ಒಂದೇ" ಎಂಬುದನ್ನು ಅವು ಕಲಿತವು, ಕಲಿತುದನ್ನು ಹೊಸ ಜಾಗಕ್ಕೂ ಕೊಂಡೊಯ್ದವು ಎಂದು ಸಂಶೋಧಕರು ನಿರ್ಣಯಿಸಿದರು. ಇದಕ್ಕೇ "ಕಲಿತ ಅಸಹಾಯಕತೆ" ಎಂದು ಹೆಸರಾಯಿತು.

ಮೂಕಪ್ರಾಣಿಗಳಿಗೆ ಇಷ್ಟು ನೋವು ಕೊಟ್ಟದ್ದು ಸರಿಯೇ ಎಂದು ವಾಚಕರು ಕೇಳಬಹುದು. ನಮ್ಮ ತರಗತಿಯಲ್ಲಿಯೂ ಹಲವರು ಕೇಳಿದರು. ಆ ಪ್ರಶ್ನೆ ನ್ಯಾಯವಾದುದೇ. ಆದರೆ ಮಲಗಿದ ನಾಯಿಗಳನ್ನು ಅವರು ಹಾಗೆಯೇ ಬಿಡಲಿಲ್ಲ. 1968ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಇಂಥ ನಾಯಿಗಳಿಗೆ ಹಗ್ಗ ಕಟ್ಟಿ ಗೋಡೆಯಾಚೆಗೆ ಎಳೆದರು. ಒಂದೆರಡು ಸಲ ಎಳೆದರೆ ಸಾಲಲಿಲ್ಲ. ಹತ್ತಾರು ಸಲ ಎಳೆಯಬೇಕಾಯಿತು. ಮೊದಮೊದಲು ಹೊತ್ತು ತಂದ ಭಾರದಂತಿದ್ದ ನಾಯಿಗಳು ಕ್ರಮೇಣ ಹಗುರವಾಗಿ, ಕೊನೆಗೆ ತಾವಾಗಿಯೇ ಹಾರತೊಡಗಿದವು. ಈ ಹಗ್ಗದ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮನುಷ್ಯರ ಮಾತೇನು?

1974ರಲ್ಲಿ ಡೊನಾಲ್ಡ್ ಹಿರೋಟೊ ಎಂಬವರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇಂಥದೇ ಪ್ರಯೋಗ ನಡೆಸಿದರು. ಆದರೆ ಇಲ್ಲಿ ವಿದ್ಯುತ್ತಿನ ಬದಲು ಕರ್ಕಶವಾದ ಸದ್ದು. ಕೆಲವರು ಗುಂಡಿ ಒತ್ತಿ ಸದ್ದನ್ನು ನಿಲ್ಲಿಸಬಹುದಾಗಿತ್ತು. ಕೆಲವರಿಗೆ ಆ ಅನುಕೂಲ ಇರಲಿಲ್ಲ. ಮುಂದಿನ ಹಂತದಲ್ಲಿ ಕೈಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದರೆ ಸಾಕು, ಸದ್ದು ನಿಲ್ಲುತ್ತಿತ್ತು. ಮೊದಲು ನಿಲ್ಲಿಸಲಾರದೆ ಹೋದವರಲ್ಲಿ ಹೆಚ್ಚು ಮಂದಿ ಈಗಲೂ ಸದ್ದನ್ನು ಸಹಿಸಿಕೊಂಡು ಸುಮ್ಮನೆ ಕುಳಿತರು.

ಆದರೆ ಒಂದೇ ಸೋಲು ಎಲ್ಲರನ್ನೂ ಒಂದೇ ರೀತಿ ಕೆಡಹುವುದಿಲ್ಲ. ನಾಯಿಗಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸೋಲನ್ನೊಪ್ಪಲಿಲ್ಲ. 1978ರಲ್ಲಿ ಲಿನ್ ಅಬ್ರಾಮ್‌ಸನ್, ಸೆಲಿಗ್ಮನ್ ಮತ್ತು ಜಾನ್ ಟೀಸ್‌ಡೇಲ್ ಇದಕ್ಕೊಂದು ವಿವರಣೆ ಕೊಟ್ಟರು. ಸೋತವನು ತನ್ನ ಸೋಲಿಗೆ ಯಾವ ಕಾರಣವನ್ನು ಹೇಳಿಕೊಳ್ಳುತ್ತಾನೆ ಎಂಬುದು ಮುಖ್ಯ. "ತಪ್ಪು ನನ್ನದೇ, ಇದು ಎಂದೆಂದಿಗೂ ಹೀಗೆಯೇ, ನಾನು ಕೈಹಾಕಿದ ಎಲ್ಲದರಲ್ಲಿಯೂ ಹೀಗೆಯೇ" ಎಂದು ಮೂರು ಗಂಟು ಹಾಕಿಕೊಂಡವನು ಬಹುಬೇಗ ಕುಗ್ಗುತ್ತಾನೆ.

ಇದನ್ನು ಓದುವಾಗ ನನಗೆ ನನ್ನ ನೆನಪೇ ಆಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾನು ಮೊದಲ ವರ್ಷದ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಲ ನಪಾಸಾದೆ. ಮೂರನೆಯ ಸಲ ಪರೀಕ್ಷೆಯ ಶುಲ್ಕವನ್ನೇ ಕಟ್ಟಲಿಲ್ಲ. ಹಣವಿರಲಿಲ್ಲವೆಂದಲ್ಲ. "ನಮ್ಮಂಥ ಮನೆಯವರಿಗೆ ಇದು ಬರುವುದಲ್ಲ" ಎನಿಸಿತ್ತು. ಜಗಲಿಯ ಮೇಲೆ ಕುಳಿತ ತಂದೆಗೆ ಪಾಠ ಹೇಳಿದವಳು ಹಾಸ್ಟೆಲಿನ ಮಂಚದ ಮೇಲೆ ಅದನ್ನೇ ಮಾಡುತ್ತಿದ್ದೆನೆಂಬುದು ಆಗ ಹೊಳೆಯಲಿಲ್ಲ.

ಎರಡನೆಯ ಉತ್ತರ

ಅಂತಿಮ ವರ್ಷದಲ್ಲಿ ನಮ್ಮ ಅಧ್ಯಾಪಕರೊಬ್ಬರು, "ಪಠ್ಯಪುಸ್ತಕ ನಿಂತಲ್ಲಿಯೇ ಶಾಸ್ತ್ರವೂ ನಿಂತಿದೆಯೆಂದು ತಿಳಿಯಬೇಡಿ" ಎಂದು ಹೇಳಿ, ಸೆಲಿಗ್ಮನ್ ಮತ್ತು ಮೇಯರ್ 2016ರಲ್ಲಿ ಪ್ರಕಟಿಸಿದ ಲೇಖನವನ್ನು ನಮಗೆ ಓದಿ ವಿವರಿಸಿದರು. ಅದರಲ್ಲಿ ಇಬ್ಬರೂ ತಮ್ಮ ಐವತ್ತು ವರ್ಷಗಳ ಹಿಂದಿನ ನಿರ್ಣಯವನ್ನು ತಾವೇ ತಿರುವು ಮಾಡಿದ್ದಾರೆ. "ನಾವು ಹೇಳಿದ್ದು ತಲೆಕೆಳಗಾಗಿತ್ತು, ಅಸಹಾಯಕತೆ ಕಲಿತದ್ದಲ್ಲ" ಎಂಬುದು ಆ ಲೇಖನದ ಸಾರ.

ಅದೆಂತೆಂದರೆ, ಮೇಯರ್ ಅವರು ತರುವಾಯದ ವರ್ಷಗಳಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮಿದುಳಿನ ಅಧ್ಯಯನಕ್ಕೆ ತೊಡಗಿ ಇಲಿಗಳ ಮೇಲೆ ಸಂಶೋಧನೆ ನಡೆಸಿದರು. ಮಿದುಳಿನ ಕಾಂಡದಲ್ಲಿ ಡಾರ್ಸಲ್ ರಾಫೆ ಎಂಬ ಪುಟ್ಟ ನರಕೇಂದ್ರವಿದೆ. ಬಹಳ ಹೊತ್ತು ಸಂಕಟವುಂಟಾದಾಗ ಅದು ಕೆರಳಿ ಸೆರೊಟೋನಿನ್ ಎಂಬ ದ್ರವ್ಯವನ್ನು ಹೆಚ್ಚಾಗಿ ಹೊರಬಿಡುತ್ತದೆ. ಆಗ ಭಯ ಏರುತ್ತದೆ, ಚಟುವಟಿಕೆ ಇಳಿಯುತ್ತದೆ. ಇದನ್ನು ಯಾರೂ ಕಲಿಯಬೇಕಾಗಿಲ್ಲ. ದೀರ್ಘಕಾಲದ ಸಂಕಟಕ್ಕೆ ಪ್ರಾಣಿಯ ಮಿದುಳು ಕೊಡುವ ಹುಟ್ಟುಗುಣದ ಉತ್ತರವೇ ಇದು. ಮಳೆ ಹೊಡೆತಕ್ಕೆ ದನ ತಲೆತಗ್ಗಿಸಿ ನಿಲ್ಲುವುದಿಲ್ಲವೆ, ಹಾಗೆ.

ಹಾಗಾದರೆ ಹಲಗೆ ಒತ್ತಿ ನೋವು ನಿಲ್ಲಿಸಿದ ಪ್ರಾಣಿಗಳು ಕುಗ್ಗಲಿಲ್ಲವೇಕೆ? ಏಕೆಂದರೆ ಕಲಿತವು ಅವು! ಮಿದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ, ಒಂದು ಪ್ರದೇಶವಿದೆ. "ನಾನು ಮಾಡಿದ್ದರಿಂದ ನೋವು ನಿಂತಿತು" ಎಂಬುದನ್ನು ಗುರುತಿಸುವುದು ಈ ಪ್ರದೇಶ. ಗುರುತಿಸಿದೊಡನೆ ಅದು ಕೆಳಗಿನ ಕೇಂದ್ರಕ್ಕೆ "ಸಾಕು, ಸುಮ್ಮನಿರು" ಎಂದು ಆಜ್ಞೆ ಕಳುಹಿಸುತ್ತದೆ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಮುಂಭಾಗವನ್ನು ಔಷಧದಿಂದ ತಾತ್ಕಾಲಿಕವಾಗಿ ಮಂಕುಗೊಳಿಸಿದಾಗ, ಆಘಾತವನ್ನು ನಿಲ್ಲಿಸಲು ಶಕ್ತವಾಗಿದ್ದ ಇಲಿಗಳು ಕೂಡ ಅಸಹಾಯಕರಂತೆ ವರ್ತಿಸಿದವು. ಅಷ್ಟೇ ಅಲ್ಲ, ಮೊದಲೊಮ್ಮೆ ನೋವನ್ನು ತಾವೇ ನಿಲ್ಲಿಸಿ ಅನುಭವವಿದ್ದ ಪ್ರಾಣಿಗಳು, ಮುಂದೆ ಕೈಮೀರಿದ ನೋವು ಬಂದಾಗಲೂ ಸುಲಭವಾಗಿ ಕುಗ್ಗಲಿಲ್ಲ. ಒಮ್ಮೆ ಕಂಡ ಗೆಲುವು ಮುಂದಿನ ಸೋಲಿಗೆ ಸಿಡುಬಿನ ಚುಚ್ಚುಮದ್ದಿನಂತೆ ಕೆಲಸ ಮಾಡುತ್ತದೆ.

ವಾಚಕರೇ, ಈ ತಿದ್ದುಪಡಿ ಮೇಲುನೋಟಕ್ಕೆ ಪಂಡಿತರ ಕೂದಲು ಸೀಳುವ ವಾದದಂತೆ ಕಾಣಬಹುದು. ನನಗೆ ಹಾಗೆ ಕಾಣಲಿಲ್ಲ. ಮೊದಲನೆಯ ಉತ್ತರದಂತೆ ಕುಳಿತವನು ಏನೋ ಕೆಟ್ಟದ್ದನ್ನು ಕಲಿತವನು. ತಪ್ಪಿನ ಪಾಲು ಅವನದೂ ಆಯಿತು. ಎರಡನೆಯ ಉತ್ತರದಂತೆ ಕುಳಿತುಕೊಳ್ಳುವುದು ಜೀವದ ಸಹಜಧರ್ಮ; ನಾಚಿಕೆಪಡಬೇಕಾದುದಲ್ಲ. ಕಲಿಯಬೇಕಾದುದು ಬೇರೆಯದು. "ನನ್ನ ಕೈಯಿಂದ ಇಷ್ಟಾದರೂ ಆಗುತ್ತದೆ" ಎಂಬುದು ಆ ಕಲಿಕೆ. ನಮ್ಮ ಹಿರಿಯರು ಹಣೆಯ ಮೇಲೆ ಬರಹವಿದೆಯೆಂದರು. ಬರಹವಿರುವುದು ನಿಜವಿರಬಹುದು, ಆದರೆ ಅದು ಹಣೆಯ ಹಿಂದೆ ಇದೆ, ಮತ್ತು ಅದನ್ನು ನಮ್ಮ ಅನುಭವವೇ ದಿನದಿನವೂ ಬರೆಯುತ್ತದೆ.

ಚಿಕಿತ್ಸೆಯಲ್ಲಿ ಇದರ ಪ್ರಯೋಜನ

ಖಿನ್ನತೆಗೆ ಕೊಡುವ ಚಿಕಿತ್ಸೆಗಳಲ್ಲಿ ಒಂದಕ್ಕೆ "ಕ್ರಿಯಾಪ್ರಚೋದನೆ" ಎನ್ನಬಹುದು. ಇದು ಮೇಲಿನ ಇಲಿಗಳ ಸಂಶೋಧನೆಯಿಂದ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಫರ್ಸ್ಟರ್, ಲೂಯಿನ್ಸಾನ್ ಮೊದಲಾದವರು ಬೇರೆ ದಾರಿಯಿಂದ ಕಂಡುಕೊಂಡದ್ದು. ಆದರೂ ಎರಡು ದಾರಿಗಳೂ ಒಂದೇ ಊರಿಗೆ ಬಂದು ಸೇರಿವೆ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣವೆಂದು ನಾವು ಕಾಯುತ್ತೇವೆ. ಕೆಲಸ ಮೊದಲು, ಮನಸ್ಸು ಅದರ ಹಿಂದೆ ಬರುತ್ತದೆ ಎಂಬುದು ಈ ಚಿಕಿತ್ಸೆಯ ತತ್ತ್ವ. ರೋಗಿ ಮತ್ತು ಸಲಹೆಗಾರರು ಕೂಡಿ ಸಣ್ಣ ಸಣ್ಣ ಕೆಲಸಗಳನ್ನು ಗೊತ್ತುಮಾಡುತ್ತಾರೆ. ಮನಸ್ಸಿರಲಿ, ಇಲ್ಲದಿರಲಿ, ಗೊತ್ತಾದ ಹೊತ್ತಿಗೆ ಅದನ್ನು ಮಾಡಬೇಕು. ಮಾಡಿದ ಮೇಲೆ ಹೇಗೆನಿಸಿತೆಂದು ನೋಡಿಕೊಳ್ಳಬೇಕು.

ಇಷ್ಟು ಸರಳವಾದುದು ಫಲ ಕೊಟ್ಟೀತೆ? ಇಂಗ್ಲೆಂಡಿನಲ್ಲಿ 440 ಮಂದಿ ಖಿನ್ನತೆಯ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ನುರಿತ ಚಿಕಿತ್ಸಕರಿಂದ ಹೆಸರುವಾಸಿಯಾದ ವಿಚಾರ-ವರ್ತನಾ ಚಿಕಿತ್ಸೆ. ಉಳಿದವರಿಗೆ ಕಿರಿಯ ಕಾರ್ಯಕರ್ತರಿಂದ ಕ್ರಿಯಾಪ್ರಚೋದನೆ. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡನೆಯದು ಮೊದಲನೆಯದಕ್ಕಿಂತ ಕಡಮೆಯಾಗಲಿಲ್ಲ. ಖರ್ಚು ಮಾತ್ರ ಕಡಮೆಯಾಯಿತು.

ನಮ್ಮ ನೆರೆಯ ಗೋವೆಯ ಉದಾಹರಣೆ ಇನ್ನೂ ಹತ್ತಿರದ್ದು. ಅಲ್ಲಿನ ಸಂಗಾತ್ ಸಂಸ್ಥೆ ಮತ್ತು ಡಾ. ವಿಕ್ರಮ್ ಪಟೇಲ್ ಅವರ ತಂಡ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ತತ್ತ್ವದ ಚಿಕಿತ್ಸೆಯನ್ನು ಪರೀಕ್ಷಿಸಿತು. ಸಲಹೆ ಕೊಟ್ಟವರು ವೈದ್ಯರಲ್ಲ. ತರಬೇತಿ ಪಡೆದ ಸಾಮಾನ್ಯ ಜನರು. ಆರರಿಂದ ಎಂಟು ಭೇಟಿಗಳು ಮಾತ್ರ. ಮೂರು ತಿಂಗಳ ಬಳಿಕ ನೋಡಿದಾಗ, ಈ ಸಲಹೆ ಪಡೆದವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಅದಿಲ್ಲದೆ ಆರೋಗ್ಯ ಕೇಂದ್ರದ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ 39 ಮಂದಿ. ಈ ವರದಿ 2017ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ 2015-16ರ ಸಮೀಕ್ಷೆಯ ಪ್ರಕಾರ, ಖಿನ್ನತೆಯುಳ್ಳ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ಇಷ್ಟು ಜನರಿಗೆ ಮನೋವೈದ್ಯರನ್ನು ಎಲ್ಲಿಂದ ತರೋಣ? ಆದುದರಿಂದಲೇ ಗೋವೆಯ ಪ್ರಯೋಗ ನಮಗೆ ಮುಖ್ಯ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ಸಿಗಬೇಕೆಂಬ ಯೋಜನೆಗೆ 1985ರಲ್ಲಿಯೇ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆ ಮಾದರಿಯಾಗಿತ್ತು ಎಂಬುದನ್ನು ಓದಿ ನನಗೆ ಹೆಮ್ಮೆಯೆನಿಸಿತು.

ಎರಡು ಎಚ್ಚರಿಕೆಗಳು

ಮೊದಲನೆಯದಾಗಿ, ಇದೆಲ್ಲವನ್ನೂ ಓದಿ "ಮನಸ್ಸು ಮಾಡಿದರೆ ಸಾಕು" ಎಂದು ಕಷ್ಟದಲ್ಲಿರುವವರಿಗೆ ಉಪದೇಶ ಮಾಡಲು ಹೊರಡಬಾರದು. ನಾಯಿಯ ಪೆಟ್ಟಿಗೆಯಲ್ಲಿ ವಿದ್ಯುತ್ತು ನಿಜವಾಗಿಯೂ ಹರಿಯುತ್ತಿತ್ತು. ನಮ್ಮ ಹೊಲದಲ್ಲಿ ನೀರು ನಿಜವಾಗಿಯೂ ಇರಲಿಲ್ಲ. ಸಾಲ ನಿಜವಾಗಿಯೂ ಇತ್ತು. ಬ್ರಿಟನ್ನಿನ ಸರಕಾರಿ ನೌಕರರನ್ನು 1985ರಿಂದ ಅನುಸರಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ಸ್ವಂತ ಅಧಿಕಾರ ಕಡಮೆಯಿದ್ದವರಿಗೆ ಹೃದ್ರೋಗ ಹೆಚ್ಚೆಂದು 1997ರಲ್ಲಿ ತೋರಿಸಿದ್ದಾರೆ. ಅಂದರೆ ಕೈಗೆ ಹಿಡಿತವಿರುವುದು ಮನಸ್ಸಿನ ಮಾತು ಮಾತ್ರವಲ್ಲ. ಕೆಲಸ, ಕೂಲಿ, ನೀರು, ಶಾಲೆ ಇವುಗಳ ಮಾತೂ ಹೌದು. ಪೆಟ್ಟಿಗೆಯ ವಿದ್ಯುತ್ತನ್ನು ನಿಲ್ಲಿಸುವ ಕೆಲಸ ಸಮಾಜದ್ದು, ಸರಕಾರದ್ದು.

ಎರಡನೆಯದಾಗಿ, ಇಲಿಯ ಮಿದುಳಿನಿಂದ ಮನುಷ್ಯನ ಮಿದುಳಿಗೆ ಒಂದೇ ಜಿಗಿತದಲ್ಲಿ ಹಾರಬಾರದು. ಮನುಷ್ಯನ ಖಿನ್ನತೆಗೆ ಅನೇಕ ಕಾರಣಗಳಿವೆ. ತೀವ್ರವಾದ ಖಿನ್ನತೆ ಒಂದು ರೋಗ. ಅದಕ್ಕೆ ವೈದ್ಯರು ಬೇಕು, ಕೆಲವೊಮ್ಮೆ ಔಷಧವೂ ಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಈ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಹೇಳಿದೆ. 2022ರ ಅಕ್ಟೋಬರ್ 10ರಿಂದ "ಟೆಲಿ ಮಾನಸ್" ಎಂಬ ಸರಕಾರಿ ಸಹಾಯವಾಣಿ ಇದೆ. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಸಹಪಾಠಿಗಳು ಇದನ್ನು ಗುರುತು ಮಾಡಿಟ್ಟುಕೊಳ್ಳಬೇಕಾಗಿ ವಿನಂತಿ.

ಉಪಸಂಹಾರ

ಇಷ್ಟು ಓದಿಕೊಂಡು ನಾನು ದೀಪಾವಳಿಯ ರಜೆಗೆ ಊರಿಗೆ ಹೋದೆ. ನಾನಿಲ್ಲದ ತಿಂಗಳುಗಳಲ್ಲಿ ಅಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ನಮ್ಮ ತಾಯಿಯವರು ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ಎರಡು ಮೇಕೆ ತಂದಿದ್ದರು. ದಿನಾ ಬೆಳಿಗ್ಗೆ ತಂದೆಯವರ ಎದುರು ನಿಂತು, "ಏಳ್ರಿ, ಮೇಕೆ ಹಸ್ಕಂಡವೆ. ಒಂದು ಹೊರೆ ಸೊಪ್ಪು ತಂದುಬಿಡ್ರಿ" ಎನ್ನುವರಂತೆ. ಮೊದಲ ವಾರ ಕೈಹಿಡಿದು ಎಬ್ಬಿಸಬೇಕಾಯಿತಂತೆ. ಅವರು ಹಣೆಬರಹದ ಮಾತನ್ನೂ ಆಡಲಿಲ್ಲ, ಮನಶ್ಶಾಸ್ತ್ರದ ಮಾತನ್ನೂ ಆಡಲಿಲ್ಲ. ಸೊಪ್ಪಿನ ಮಾತನ್ನು ಮಾತ್ರ ಆಡಿದರು. ನಾನು ಹೋದಾಗ ತಂದೆಯವರು ಹೊಲದ ಬದುವಿನಲ್ಲಿ ತಾವಾಗಿಯೇ ಸೊಪ್ಪು ಕಡಿಯುತ್ತಿದ್ದರು. ನಮ್ಮ ತಾಯಿ ಓದಿದವರಲ್ಲ. ಆದರೆ ಆ ಹಗ್ಗ ಅವರ ಕೈಯಲ್ಲಿತ್ತು.

ನಾನು ಅವರ ಬಳಿ ನಿಂತು, "ಅಪ್ಪಾ, ಅವತ್ತು ನಾನು ಹೇಳಿದ್ದು ತಪ್ಪು. ಪುಸ್ತಕ ತಪ್ಪಿತ್ತು. ಬರೆದೋರೇ ತಿದ್ದಿಕೊಂಡವ್ರೆ. ನೀನು ಅದನ್ನ ಕಲ್ತಿರಲಿಲ್ಲ" ಎಂದೆ.

"ಅಷ್ಟು ಓದಿದೋರೂ ತಿದ್ಕೊಂಡ್ರಾ?" ಎಂದು ತಂದೆಯವರು ಕೇಳಿದರು. ಆಮೇಲೆ ಕುಡುಗೋಲನ್ನು ನನ್ನ ಕೈಗೆ ಕೊಟ್ಟು, "ಆ ಕಡೆ ಎಳೇ ಸೊಪ್ಪೈತೆ, ಹಿಡಿ" ಎಂದರು.

ಅವರು ಪೂರ್ಣವಾಗಿ ಮೊದಲಿನಂತಾದರೆಂದು ನಾನು ಹೇಳಲಾರೆ. ಕೆಲವು ದಿನ ಇಂದಿಗೂ ಜಗಲಿಯ ಮೇಲೆಯೇ ಸಂಜೆಯಾಗುತ್ತದೆ. ಬಾವಿಯಲ್ಲಿ ನೀರೂ ಬಂದಿಲ್ಲ. ನಾನು ಮಾತ್ರ ಕಾಲೇಜಿಗೆ ಮರಳಿ ಪರೀಕ್ಷೆಯ ಶುಲ್ಕ ಕಟ್ಟಿದೆ. ದಿನಕ್ಕೆ ಒಂದು ಪುಟ ಇಂಗ್ಲಿಷ್ ಓದುವುದೆಂದು ಗೊತ್ತುಮಾಡಿಕೊಂಡೆ. ಮೂರನೆಯ ಸಲ ಬರೆದು ಪಾಸಾದೆ.

ನನ್ನಂತೆ ಮನೆಗೆ ಮೊದಲಿಗರಾಗಿ ಈ ಕಾಲೇಜಿಗೆ ಬಂದಿರುವ ಸೋದರ ಸೋದರಿಯರಲ್ಲಿ ನನ್ನದೊಂದೇ ಬಿನ್ನಹ. ಸೋತು ಕುಳಿತಾಗ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ; ಕುಳಿತವರನ್ನು ಕಂಡರೆ ನನ್ನಂತೆ ಪಾಠ ಹೇಳಹೋಗಬೇಡಿ. ಕೈಗೆ ಎಟಕುವ ಒಂದು ಚಿಕ್ಕ ಕೆಲಸವನ್ನು ಹುಡುಕಿ, ಅದನ್ನು ಮಾಡಿ. ಇನ್ನೊಬ್ಬರಿಗೆ ಅಂಥದೊಂದನ್ನು ತೋರಿಸಿ, ಜೊತೆಗೆ ನಿಲ್ಲಿ. ಈ ಲೇಖನದಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡುತ್ತೇನೆ. ತಿದ್ದಿಕೊಳ್ಳುವುದು ಸಣ್ಣತನವಲ್ಲವೆಂಬುದನ್ನು ನಾನು ಈ ಶಾಸ್ತ್ರದಿಂದಲೇ ಕಲಿತಿದ್ದೇನೆ.